ನಡುವೆ ಕಾಣೆಯಾದ ಎರಡು ಬೈಟ್

14 ಅಕ್ಟೋಬರ್ 2025, ಮಂಗಳವಾರ, ರಾತ್ರಿ

"ಆಂಟೆನಾ ಬದಲಿಸಿದರೆ ಸರಿಹೋದೀತಾ?" ಸಂಜೆ ಬಂದ ಈ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. ಒಂದು ಬೋರ್ಡ್ ಎಕ್ಸ್‌ಬೀ ಎಂಬ ರೇಡಿಯೋ ಮಾಡ್ಯೂಲಿನ ಮೂಲಕ ಇನ್ನೊಂದಕ್ಕೆ ಸಂದೇಶ ಕಳಿಸುತ್ತದೆ; ಎರಡೂ ಕಡೆ ಬೋರ್ಡಿಗೂ ಮಾಡ್ಯೂಲಿಗೂ ನಡುವೆ ಸೀರಿಯಲ್ ತಂತಿ, ಅಂದರೆ ಬಿಟ್‌ಗಳು ಒಂದರ ಹಿಂದೊಂದು ಹೋಗುವ ತಂತಿ. ತಲುಪುವಷ್ಟರಲ್ಲಿ ಕೆಲವು ಬೈಟ್ ಕಾಣೆ. ಡೇಟಾ ಕಳೆದುಹೋದರೆ ಎಲ್ಲರ ಅನುಮಾನ ಮೊದಲು ಹೋಗುವುದು ಗಾಳಿಯ ಕಡೆಗೇ. ಕಣ್ಣೆದುರಿಗಿರುವ ತಂತಿಯ ಮೇಲೆ ಯಾರಿಗೂ ಸಂಶಯವಿಲ್ಲ.

ಬಂದದ್ದನ್ನು ಬರೆದಿಡುವ ಲಾಗ್ ಮಾತ್ರ ಬೇರೆಯದನ್ನೇ ಹೇಳುತ್ತಿದೆ. ಒಂದೊಂದು ಸಂದೇಶ 32 ಬೈಟ್. ಬಂದದ್ದು ಕೆಲವು ಸಲ 30, ಕೆಲವು ಸಲ 29. ಕ್ರಮಸಂಖ್ಯೆ ಸಾಲಾಗಿದೆ, ಪೂರ್ತಿ ಸಂದೇಶ ಒಂದೂ ತಪ್ಪಿಲ್ಲ. ರೇಡಿಯೋ ಹೀಗೆ ಕಳೆಯುವುದಿಲ್ಲ. ಎಕ್ಸ್‌ಬೀ ಸರಣಿ 1 ಬಳಸುವ 802.15.4 ಎಂಬ ರೇಡಿಯೋ ನಿಯಮಾವಳಿಯಲ್ಲಿ ಪ್ರತಿ ಪ್ಯಾಕೆಟ್ಟಿನ ಬಾಲಕ್ಕೆ 16 ಬಿಟ್‌ನ ತಪಾಸಣೆ ಇರುತ್ತದೆ; ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಕಸಕ್ಕೆ. ಬಂದರೆ ಇಡಿಯಾಗಿ ಬರಬೇಕು, ಇಲ್ಲವೇ ಬರಲೇಬಾರದು. ನಡುವಿನಿಂದ ಎರಡು ಬೈಟ್ ಮಾಯವಾದರೆ ಅದು ಸೀರಿಯಲ್ ತಂತಿಯ ಈ ತುದಿಯಲ್ಲೋ ಆ ತುದಿಯಲ್ಲೋ ಆದದ್ದು.

ಒಂದು ಎಚ್ಚರ. ಕಳಿಸುವವನು ಸಂದೇಶದ ಮಧ್ಯೆ ತಡೆದರೆ ಮಾಡ್ಯೂಲ್ ಅದನ್ನು ಎರಡು ಪ್ಯಾಕೆಟ್ ಮಾಡಿಬಿಡುತ್ತದೆ. ಆರ್‌ಓ ಎಂಬ ಸೆಟ್ಟಿಂಗ್ ತಾನಾಗಿ 3 ಇರುತ್ತದೆ, ಅಂದರೆ ಮೂರು ಅಕ್ಷರದಷ್ಟು ಹೊತ್ತಿನ ಮೌನ. ಆಗ ಅರ್ಧ ಸಂದೇಶ ಗಾಳಿಯಲ್ಲೂ ಕಳೆದುಹೋಗಬಹುದು. ಆದರೆ ಹೋದರೆ ಮೊದಲ ತುಂಡೋ ಕೊನೆಯ ತುಂಡೋ ಹೋಗುತ್ತದೆ, ನಡುವೆ ಎರಡು ಬೈಟ್ ಅಲ್ಲ.

ಕಳಿಸುವ ಕಡೆ ನಿರಪರಾಧಿ ಎಂದು ತಿಳಿಯುವುದು ಸುಲಭ: ಸೆಕೆಂಡಿಗೆ ಒಂದೇ ಸಂದೇಶ ಕಳಿಸಿ ನೋಡುವುದು. ಅಲ್ಲಿನ ಬಫರ್ (ಬೈಟ್ ಸರದಿ ಕಾಯುವ ಜಾಗ) ತುಂಬಿ ಚೆಲ್ಲುತ್ತಿದ್ದರೆ ನಷ್ಟ ನಿಲ್ಲಬೇಕು. ನಿಲ್ಲಲಿಲ್ಲ.

ಉಳಿದದ್ದು ಸ್ವೀಕರಿಸುವ ಬೋರ್ಡ್. ಅದರ ಚಿಪ್ ಎಟಿಮೆಗಾ328ಪಿ, 16 ಮೆಗಾಹರ್ಟ್ಸ್, ಸೀರಿಯಲ್ ವೇಗ ಸೆಕೆಂಡಿಗೆ 115200 ಬಿಟ್. ಜೊತೆಗೆ 16 ಬಣ್ಣದ ಎಲ್‌ಇಡಿ ದೀಪಗಳ ಡಬ್ಲ್ಯುಎಸ್2812 ಪಟ್ಟಿ. ಕಳ್ಳ ಸಿಕ್ಕಿದ್ದು ಇಲ್ಲೇ. ಈ ಪಟ್ಟಿಗೆ ಬಣ್ಣ ಕಳಿಸುವಾಗ ಸಮಯ ಕದಲಬಾರದೆಂದು ಲೈಬ್ರರಿ, ಅಂದರೆ ಪಟ್ಟಿ ನಡೆಸುವ ಸಿದ್ಧ ಕೋಡ್, ಬೈಟ್ ಬಂತೆಂದು ಚಿಪ್ಪಿಗೆ ಹೇಳುವ ಇಂಟರಪ್ಟ್‌ಗಳನ್ನು ಮುಚ್ಚಿಡುತ್ತದೆ. ಒಂದು ದೀಪಕ್ಕೆ 24 ಬಿಟ್, ಬಿಟ್ಟಿಗೆ 1.25 ಮೈಕ್ರೋಸೆಕೆಂಡ್, ಅಲ್ಲಿಗೆ ದೀಪಕ್ಕೆ 30. ಹದಿನಾರಕ್ಕೆ 480. 115200ರಲ್ಲಿ ಒಂದು ಬೈಟ್ ಬರಲು 86.8 ಮೈಕ್ರೋಸೆಕೆಂಡ್ ಸಾಕು, ಹಾಗಾಗಿ ಬಾಗಿಲು ಮುಚ್ಚಿರುವಾಗ ಐದಾರು ಬೈಟ್ ಬಂದು ನಿಲ್ಲುತ್ತವೆ. ಚಿಪ್ ಹಿಡಿದಿಡುವುದು ಎರಡನ್ನು, ಮೂರನೆಯದು ಬಿಟ್‌ಗಳನ್ನು ಕೂಡಿಸಿ ಬೈಟ್ ಮಾಡುವ ಶಿಫ್ಟ್ ರಿಜಿಸ್ಟರಿನಲ್ಲಿ ಕಾಯುತ್ತದೆ. ಮಿಕ್ಕವು ಹೋದವು. ಎರಡೋ ಮೂರೋ. ಲಾಗಿನಲ್ಲಿ ಇದ್ದದ್ದೂ ಅಷ್ಟೇ!

ಬೋರ್ಡಿನ ಆರ್ಡುಯಿನೋ ಕೋಡಿನಲ್ಲಿರುವ ಬಫರನ್ನು 64 ಬೈಟಿನಿಂದ 256ಕ್ಕೆ ಏರಿಸುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಇಲ್ಲಿ ಅದರಿಂದ ಏನೂ ಆಗದು. ಬೈಟನ್ನು ಆ ಬಫರಿಗೆ ಎತ್ತಿ ಹಾಕಬೇಕಾದ ಇಂಟರಪ್ಟೇ ಓಡುತ್ತಿಲ್ಲವಲ್ಲ. ಕಣಜ ಎಷ್ಟು ದೊಡ್ಡದಾದರೇನು, ತುಂಬುವ ಕೈಯನ್ನೇ ಕಟ್ಟಿದ್ದರೆ? ಹೆಚ್ಚು ಬೇಸರದ ವಿಷಯವೆಂದರೆ, ಚಿಪ್ ತಪ್ಪನ್ನು ಮುಚ್ಚಿಡುವುದಿಲ್ಲ: ಯುಸಿಎಸ್‌ಆರ್0ಎ ಎಂಬ ಸ್ಥಿತಿ ತೋರಿಸುವ ರಿಜಿಸ್ಟರಿನಲ್ಲಿ, ಬೈಟ್ ಕಳೆಯಿತೆಂದು ಸೂಚಿಸುವ ಡಿಓಆರ್0 ಬಿಟ್ ಏರಿಸಿ ಹೇಳುತ್ತದೆ. ಆರ್ಡುಯಿನೋದ ಸೀರಿಯಲ್ ಕೋಡ್ ಅದನ್ನು ನೋಡುವುದೇ ಇಲ್ಲ. ನೋಡಬೇಕಿದ್ದರೆ ಬಂದ ಬೈಟ್ ಇರುವ ಯುಡಿಆರ್0 ಓದುವ ಮೊದಲೇ ನೋಡಬೇಕು, ಓದಿದ ಮೇಲೆ ಸುಳಿವು ಅಳಿಸಿಹೋಗುತ್ತದೆ.

ಪರಿಹಾರ ಚಿಕ್ಕದು. ವೇಗವನ್ನು 38400ಕ್ಕೆ ಇಳಿಸುವುದು. ಆಗ ಬೈಟಿಗೆ 260 ಮೈಕ್ರೋಸೆಕೆಂಡ್, ಮುಚ್ಚಿದ ಹೊತ್ತಿನಲ್ಲಿ ಬರುವುದು ಎರಡೇ, ಚಿಪ್ ತಾಳಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ: 16 ಮೆಗಾಹರ್ಟ್ಸ್‌ನಲ್ಲಿ 115200ಕ್ಕೆ ವೇಗದ ದೋಷ 2.1%, 38400ಕ್ಕೆ 0.2% ಮಾತ್ರ. ಮಾಡ್ಯೂಲಿಗೆ ಎರಡು ಆದೇಶ: ವೇಗ ಬದಲಿಸಲು ಎಟಿಬಿಡಿ 5, ಆಮೇಲೆ ಅದನ್ನು ಉಳಿಸಿಡಲು ಎಟಿಡಬ್ಲ್ಯುಆರ್. ಎರಡನೆಯದನ್ನು ಮರೆತರೆ ವಿದ್ಯುತ್ ಹೋಗಿ ಬಂದ ಕೂಡಲೇ ಹಳೆಯ ವೇಗಕ್ಕೆ ಮರಳಿ ಬರೀ ಕಸದ ಅಕ್ಷರ ಕಾಣುತ್ತದೆ.

ಈಗ ಲಾಗ್ ಓಡುತ್ತಿದೆ. 32, 32, 32. ನೋಡುತ್ತ ಕೂತರೆ ಕಣ್ಣು ತಂಪಾಗುತ್ತದೆ.

ಆದರೆ ಪಟ್ಟಿ 60 ದೀಪಕ್ಕೆ ಬೆಳೆದರೆ? 1.8 ಮಿಲಿಸೆಕೆಂಡ್. 38400ರಲ್ಲಿ ಸುಮಾರು ಏಳು ಬೈಟ್, ಮತ್ತೆ ಅದೇ ಕಥೆ. 9600ಕ್ಕೆ ಇಳಿದರೆ ಎರಡಕ್ಕಿಂತ ಕಡಿಮೆ, ಬದುಕಬಹುದು, ಆದರೆ ಸೆಕೆಂಡಿಗೆ 960 ಬೈಟ್ ಸಾಲದು. ಹಾಗಾದರೆ ಮಾಡ್ಯೂಲಿನ ಡಿ6 ಸೆಟ್ಟಿಂಗನ್ನು 1 ಮಾಡಿ, ಅದರ ಪಿನ್ 16ಕ್ಕೆ 'ತಾಳು' ಎನ್ನುವ ಆರ್‌ಟಿಎಸ್ ತಂತಿ ಎಳೆದು, ಬಣ್ಣ ಕಳಿಸುವ ಮುಂಚೆ ಅದನ್ನು ಮೇಲಕ್ಕೆತ್ತಿ ಮಾಡ್ಯೂಲನ್ನು ತಡೆಯಬೇಕು. ಎತ್ತಿದ ಕ್ಷಣವೇ ಹೊರಟಾಗಿದ್ದ ಬೈಟ್ ನಿಲ್ಲುವುದಿಲ್ಲ, ಸ್ವಲ್ಪ ಕಾಯಬೇಕು. ಎಷ್ಟು ಹೊತ್ತು ಎಂಬುದನ್ನು ತಂತಿಯ ಸಂಕೇತ ತೋರಿಸುವ ಸ್ಕೋಪ್ ಇಟ್ಟು ನೋಡಿದರೆ, ಒಂದು ಚಾನೆಲ್ ಆರ್‌ಟಿಎಸ್‌ಗೆ, ಇನ್ನೊಂದು ಮಾಡ್ಯೂಲಿನಿಂದ ಬೈಟ್ ಹೊರಬರುವ ಪಿನ್ 2ಕ್ಕೆ…