‘ಒಂದು ಆ್ಯಪ್ ಮಾಡಸಾಕ ಎಷ್ಟ ಆಗ್ತೈತ್ರಿ ಮೇಡಮ್ಮಾರ?’

ಎರಡು-ಮೂರು ಲಕ್ಷದಿಂದ ಶುರು. ಆಯಿತು, ಉತ್ತರ ಸಿಕ್ಕಿತಲ್ಲ?

ಮದುವೆ ಮನೆಯ ಪಂಕ್ತಿಯಲ್ಲಿ, ಚಿಗರಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ, ಉಣಕಲ್ ಕೆರೆ ದಂಡೆಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿ, ಎಲ್ಲೆಂದರಲ್ಲಿ ಈ ಪ್ರಶ್ನೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಹುಬ್ಬಳ್ಳಿ-ಧಾರವಾಡ, ಗದಗ ಸುತ್ತಿನ ಸಣ್ಣ ಅಂಗಡಿ, ವರ್ಕ್‌ಶಾಪು, ಪ್ರೆಸ್ಸುಗಳ ಲೆಕ್ಕಪತ್ರವನ್ನು ಕಂಪ್ಯೂಟರಿಗೆ, ಮೊಬೈಲಿಗೆ ಹೊಂದಿಸಿಕೊಡುವುದು ನನ್ನ ಕೆಲಸ. ಇನ್ನು ಮುಂದೆ ಯಾರೇ ಕೇಳಲಿ, ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ಮಾಡಿಸಿದ ಮೇಲಿನ ಖರ್ಚನ್ನೂ ಕೇಳಿಕೊಳ್ಳಿ. ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯಲು ಗೂಗಲ್‌ಗೆ ಒಮ್ಮೆ 25 ಡಾಲರ್. ಐಫೋನಿಗೂ ಬೇಕೆಂದರೆ ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ಸರ್ವರ್ ಬಾಡಿಗೆ ಬೇರೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ಆ್ಯಪನ್ನು ತಿದ್ದುತ್ತಲೇ ಇರಬೇಕು. ಬಿಟ್ಟರೆ ಹೊಸ ಫೋನು ಕೊಂಡ ಗಿರಾಕಿ ಎಷ್ಟು ಹುಡುಕಿದರೂ ನಿಮ್ಮ ಆ್ಯಪ್ ಸಿಗುವುದಿಲ್ಲ. ಅಷ್ಟೊತ್ತಿಗೆ ಅದನ್ನು ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ, ಫೋನ್ ಎತ್ತುವುದಿಲ್ಲ.

‘ದೊಡ್ಡದ್ ಏನ್ ಬ್ಯಾಡ್ರಿ, ಸುಮ್ಮನ ಒಂದ್ ಸಣ್ಣದು’ ಅನ್ನುತ್ತಾರಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ‘ಸುಮ್ಮನ’ ಯಾಕೆ ಮಾಡಿಸಬೇಕು? ‘ನಮ್ಮ ಬೀಗರ ಹುಡುಗ ಹತ್ತ ಸಾವಿರಕ್ಕ ಮಾಡ್ತೀನಿ ಅಂದಾನ್ರಿ’ ಎಂದು ಚೌಕಾಶಿಗೆ ಕೂರುವವರು ಇನ್ನೊಂದು ಕಡೆ. ಮಾಡಲಿ ಬಿಡಿ, ಬೀಗರ ಹುಡುಗನ ಹೊಟ್ಟೆ ಮೇಲೆ ನಾನೇಕೆ ಹೊಡೆಯಲಿ. ನಾನು ತಿರುಗಿ ಕೇಳುವುದು ಒಂದೇ ಮಾತು: ‘ಯಾತಕ್ಕ ಬೇಕಾಗೇತ್ರಿ?’ ಅಷ್ಟಕ್ಕೇ ಮುಖ ಸಣ್ಣದಾಗುತ್ತದೆ. ಈಕೆಗೆ ಆ್ಯಪ್ ಮಾಡಲು ಬರುವುದಿಲ್ಲ, ಅದಕ್ಕೇ ಹಾರಿಕೆ ಮಾತಾಡುತ್ತಾಳೆ ಎಂದು ಎದ್ದು ಹೋದವರಿದ್ದಾರೆ. ಹುಬ್ಬಳ್ಳಿಯ ತಿಂಡಿ ಬೀದಿ ದುರ್ಗದ ಬೈಲಿಗೆ ಬಂದು ನಿಂತುಕೊಂಡೇ ತಿಂದು ಹೋಗುವ ಗಿರಾಕಿ ಒಂದು ಮಿರ್ಚಿ-ಗಿರಮಿಟ್ಟಿಗಾಗಿ ಫೋನಿನಲ್ಲಿ ಜಾಗ ಖಾಲಿ ಮಾಡಿ ಆ್ಯಪ್ ಇಳಿಸಿಕೊಳ್ಳುತ್ತಾನೆಯೇ? ಇದನ್ನು ಕೇಳಿದರೆ ನಾನು ಊರಿನ ಬೆಳವಣಿಗೆಗೆ ಅಡ್ಡಗಾಲು!

ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಕಾಕಾರ ಕಥೆ ಹೇಳುತ್ತೇನೆ, ಹೆಸರು ಬೇಡ. ಲೇತ್ ಮಷೀನ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬುಷ್, ಪಿನ್, ಶಾಫ್ಟ್ ಮಾಡಿಕೊಡುತ್ತಾರೆ. ಕೈ ಕೆಲಸದಲ್ಲಿ ಬಹಳ ಗಟ್ಟಿ ಮನುಷ್ಯ. ಅವರಿಗೂ ಆ್ಯಪ್ ಬೇಕಾಗಿತ್ತು: ಕಂಪನಿಯ ಹೆಸರು, ಮಾಡುವ ಸಾಮಾನಿನ ಫೋಟೊ, ‘ಆರ್ಡರ್ ಮಾಡಿ’ ಎಂಬ ಒಂದು ಬಟನ್. ಅವರ ಗಿರಾಕಿಗಳು ಒಟ್ಟು ಮೂರು ಕಂಪನಿ. ಮೂರೂ ಈಮೇಲ್‌ನಲ್ಲಿ ಆರ್ಡರ್ ಕಳಿಸುತ್ತವೆ. ಬಟನ್ ಒತ್ತುವವರು ಯಾರು?

ಆ ದಿನ ಅವರ ಟೇಬಲ್ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನೆಟ್ಟಗೆ ನಿಂತ ಒಂದು ತಂತಿಗೆ ಚುಚ್ಚಿಟ್ಟ ಚಲನ್‌ಗಳ ಗೊಂಚಲು. ಮಾಲು ಕಳಿಸಿದಾಗ ಕಂಪನಿಯ ಗೇಟಿನಲ್ಲಿ ಸಿಕ್ಕಾ ಒತ್ತಿ ವಾಪಸು ಕೊಡುವ ಗುಲಾಬಿ ಬಣ್ಣದ ಪ್ರತಿಗಳು. ಕೆಲವಕ್ಕೆ ಎಣ್ಣೆ ಕೈ ತಾಗಿ ತಾರೀಖೇ ಅಳಿಸಿತ್ತು. ತಂತಿ ಚುಚ್ಚಿದ ತೂತು ಸರಿಯಾಗಿ ಸಿಕ್ಕಾದ ನಡುವೆಯೇ ಬಿದ್ದವೂ ಇದ್ದವು. ತಿಂಗಳ ಕೊನೆಗೆ ಇವನ್ನೆಲ್ಲ ಬಿಚ್ಚಿ, ಕೂಡಿಸಿ, ಒಂದೇ ಬಿಲ್ಲು ಬರೆಯುತ್ತಿದ್ದರು. ಅಂದರೆ ಒಂದನೇ ತಾರೀಖು ಮುಟ್ಟಿದ ಮಾಲಿಗೆ ಮೂವತ್ತನೇ ತಾರೀಖು ಬಿಲ್ಲು. ಅದು ಕಂಪನಿಯ ಅಕೌಂಟ್ಸ್ ವಿಭಾಗ ತಲುಪುವುದು ಮುಂದಿನ ತಿಂಗಳು. ಅಲ್ಲಿ ಕೇಳಿದರೆ ‘ಮಾಲು ನಮ್ಮ ಸಿಸ್ಟಮ್‌ನ್ಯಾಗ ಏರಿಲ್ರಿ, ಚಲನ್ ತೋರಸ್ರಿ’. ಚಲನ್ ಹುಡುಕಲು ಮತ್ತೆ ಅದೇ ತಂತಿ. ಕಾಕಾರ ರೊಕ್ಕ ಮೂರು-ನಾಲ್ಕು ತಿಂಗಳು ಹೀಗೆ ಸಿಕ್ಕಿಕೊಂಡಿರುತ್ತಿತ್ತು, ಕಬ್ಬಿಣ ತರಲು ಅವರು ಕೈಗಡ ಮಾಡಿ ಬಡ್ಡಿ ಕಟ್ಟುತ್ತಿದ್ದರು.

ಇಂಥವರಿಗೆಂದೇ ಕಾಯ್ದೆ ಇದೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ, ಅಂದರೆ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಲಿಖಿತ ಕರಾರು ಇದ್ದರೂ ಹಣ ಕೊಡಲು 45 ದಿನ ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಈ ದಿನಗಳ ಎಣಿಕೆ ಶುರುವಾಗುವುದು ಮಾಲು ಒಪ್ಪಿಕೊಂಡಲ್ಲಿಂದ. ಆದ್ದರಿಂದ ಆ ಗುಲಾಬಿ ಕಾಗದದ ಮೇಲಿನ ತಾರೀಖೇ ಕಾಕಾರ ಆಸ್ತಿ. ಅದನ್ನೇ ತಂತಿಗೆ ಚುಚ್ಚಿಟ್ಟಿದ್ದರು.

ನಾವು ಮಾಡಿದ್ದು ಇಷ್ಟು. ಗೇಟಿನಲ್ಲಿ ಸಿಕ್ಕಾ ಬಿದ್ದ ಕೂಡಲೇ ಟೆಂಪೊದ ಹುಡುಗ ಚಲನ್ ಫೋಟೊ ಹೊಡೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ. ಅದೇ ಸಂಜೆ ಸೊಸೆ ಬಿಲ್ಲು ಮಾಡಿ ಈಮೇಲ್ ಕಳಿಸುತ್ತಾಳೆ. ಬಿಲ್ಲಿನ ಕೆಳಗೆ ಸರ್ಕಾರ ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ ಇರುತ್ತದೆ. ಒಂದು ಗೂಗಲ್ ಶೀಟಿನಲ್ಲಿ ಚಲನ್ ನಂಬರು, ಸಿಕ್ಕಾದ ತಾರೀಖು, ಬಿಲ್ಲು, ಮೊತ್ತ, 45ನೇ ದಿನ ಯಾವುದು ಎಂಬ ಕಾಲಮ್ಮುಗಳು. ಆ ದಿನ ದಾಟಿದರೆ ಸಾಲು ಕೆಂಪಾಗುತ್ತದೆ. ಸಾಫ್ಟ್‌ವೇರ್ ಖರ್ಚು ಸೊನ್ನೆ.

ಬಾಕಿ ಕೇಳುವುದು ಹೇಗೆ ಎಂಬಲ್ಲಿಗೆ ಕಾಕಾ ನಿಂತುಬಿಟ್ಟರು. ‘ನೋಡ್ ತಂಗಿ, ಕಾಯ್ದೆ ತೋರಿಸಿದ್ರ ಮುಂದಿನ ಆರ್ಡರ್ ಬರೂದಿಲ್ಲ’ ಅಂದರು. ಅವರ ಮಾತು ನಿಜ. ದೂರು ಕೊಡಲು 2017ರಲ್ಲೇ ಸಮಾಧಾನ್ ಎಂಬ ಸರ್ಕಾರಿ ಪೋರ್ಟಲ್ ಬಂತು. ಆದರೆ ಮೂರೇ ಗಿರಾಕಿಗಳಿರುವ ಮನುಷ್ಯ ಅದರಲ್ಲಿ ಒಬ್ಬನ ಮೇಲೆ ದೂರು ಹಾಕಿ ಬದುಕುವುದು ಹೇಗೆ? ಇದನ್ನು ಅರ್ಥ ಮಾಡಿಕೊಳ್ಳದೆ ‘ಕಾನೂನು ನಿಮ್ಮ ಪರ ಇದೆ’ ಎಂದು ಭಾಷಣ ಬಿಗಿಯುವವರ ಮೇಲೆ ನನಗೆ ಕೋಪವಿದೆ.

ಅದಕ್ಕೆ ನಾವು ಹಿಡಿದದ್ದು ಬೇರೆ ದಾರಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಎಂಬ ನಿಯಮ ಬಂತು. ಸೂಕ್ಷ್ಮ, ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣ ಆ ಅವಧಿ ಮೀರಿ, ಮಾರ್ಚ್ 31ಕ್ಕೂ ಬಾಕಿಯಿದ್ದರೆ, ಕೊಂಡ ಕಂಪನಿ ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಪಾವತಿಸಿದ ವರ್ಷವೇ ತೋರಿಸಬೇಕು. ಅಂದರೆ ಬಾಕಿ ಉಳಿಸಿಕೊಂಡಷ್ಟಕ್ಕೂ ಆ ವರ್ಷ ತೆರಿಗೆ. ಫೆಬ್ರುವರಿಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿ ಹಚ್ಚಿ ಒಂದು ವಿನಯದ ಕಾಗದ ಕಳಿಸಿದೆವು: ‘ನಮ್ಮದು ಸೂಕ್ಷ್ಮ ಉದ್ದಿಮೆ, ನೋಂದಣಿ ಸಂಖ್ಯೆ ಇದು, ನಿಮ್ಮ ಆಡಿಟರ್ ಅವರ ಗಮನಕ್ಕೆ.’ ಮುಂದಿನದನ್ನು ಅವರ ಆಡಿಟರೇ ನೋಡಿಕೊಂಡರು. ಕಾಕಾ ಯಾರ ಜೊತೆಗೂ ಜಗಳ ಆಡಬೇಕಾಗಲಿಲ್ಲ. ಮೂರರಲ್ಲಿ ಎರಡು ಕಂಪನಿಗಳು ಈಗ ಅವಧಿಯೊಳಗೆ ಕೊಡುತ್ತವೆ, ಒಂದು ಇನ್ನೂ ಸತಾಯಿಸುತ್ತದೆ.

ಜವಳಿ ಸಾಲಿನ ಅಂಗಡಿಕಾರರು ಇದನ್ನು ಓದಿ ಆಸೆ ಪಡಬೇಡಿ. ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳ ಉದ್ಯಮ್ ನೋಂದಣಿ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ ಉಪಯೋಗ.

ನನ್ನನ್ನು ಯಾರಾದರೂ ‘ನನ್ನ ರೊಕ್ಕ ಎಲ್ಲಿ ಸಿಕ್ಕೊಂಡೈತಿ, ಹುಡುಕಿ ಕೊಡ್ತೀರೇನು?’ ಎಂದು ಕೇಳಬಾರದೇ ಎಂದು ಕಾಯುತ್ತೇನೆ. ಸಣ್ಣ ವ್ಯಾಪಾರ ಬೆಳೆಯುವುದು ಹೊಸ ಗಿರಾಕಿಯಿಂದ ಮಾತ್ರ ಎಂದು ಎಲ್ಲರೂ ನಂಬಿದ್ದಾರೆ. ನಾನು ಒಳಗೆ ಕೂತು ನೋಡಿದ ಅಂಗಡಿಗಳಲ್ಲಿ ಬೆಳವಣಿಗೆಗೆ ಬೇಕಾದ ದುಡ್ಡು ಆಗಲೇ ಅವರದೇ ಇರುತ್ತದೆ: ಉದ್ರಿ ವಹಿಯಲ್ಲಿ, ಅಟ್ಟದ ಮೇಲೆ ಧೂಳು ಹಿಡಿದ ಮಾಲಿನಲ್ಲಿ, ಹೋಗದ ಬಿಲ್ಲಿನಲ್ಲಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಹಾಕಿಸಿಕೊಂಡವರು ಜಿಎಸ್‌ಟಿ ತುಂಬಿ ಅದನ್ನು ಮುಚ್ಚಿಡುತ್ತಾರೆ. ಯಾವ ಮಾಲು ಎಷ್ಟು ದಿನದಿಂದ ಅಲುಗಾಡಿಲ್ಲ, ಯಾರ ಬಾಕಿ ಎಷ್ಟು ಹಳೆಯದು, ಎರಡೂ ಅದೇ ಟ್ಯಾಲಿಯಲ್ಲಿ ಸಿಗುತ್ತವೆ. ದುಡ್ಡು ಕೊಟ್ಟು ತಂದದ್ದನ್ನು ತೆರೆದು ನೋಡಿ ಎಂದು ಬೇಡಿಕೊಳ್ಳುವುದೇ ನನ್ನ ಅರ್ಧ ಉದ್ಯೋಗ.

‘ಬೆಂಗಳೂರಿನ ಕಂಪನಿಯವರಿಗಿಂತ ನಿಮಗ ಹೆಚ್ಚ ಗೊತ್ತೈತೇನ್ರಿ?’ ಇದನ್ನೂ ಕೇಳುತ್ತಾರೆ. ಕೋಡಿಂಗ್ ವಿಚಾರದಲ್ಲಿ ಅವರದೇ ಮೇಲುಗೈ. ಆದರೆ ಕುಂದಗೋಳ ಕಡೆಯ ಒಂದು ಬೀಜ-ಗೊಬ್ಬರದ ಅಂಗಡಿಗೆ ಹೊರಗಿನವರು ಹಾಕಿಕೊಟ್ಟ ಸಾಫ್ಟ್‌ವೇರ್ ಮೂವತ್ತು ದಿನಕ್ಕೊಮ್ಮೆ ರೈತರಿಗೆ ‘ನಿಮ್ಮ ಬಾಕಿ ಪಾವತಿಸಿ’ ಎಂದು ತಾನಾಗಿಯೇ ಮೆಸೇಜ್ ಕಳಿಸುತ್ತಿತ್ತು. ಆಗಸ್ಟ್ ತಿಂಗಳಲ್ಲಿ! ಮೆಣಸಿನ ಗಿಡ ಇನ್ನೂ ಹೊಲದಲ್ಲಿ, ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಜೋರಾಗಿ ಬರುವುದು ಜನವರಿಯ ಮೇಲೆ. ಆಗಸ್ಟ್‌ನಲ್ಲಿ ರೊಕ್ಕ ಕೇಳಿದರೆ ರೈತ ಮರ್ಯಾದೆ ಹೋಯಿತು ಎಂದು ಮುಂದಿನ ಅಂಗಡಿಗೆ ಹೋಗುತ್ತಾನೆ, ಹೋದರು ಕೂಡ. ಕೇಳುವ ತಿಂಗಳನ್ನು ಬದಲಿಸಿದ್ದೇ ನಮ್ಮ ರಿಪೇರಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗ ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಊರಿನವರು, ಯಾರ ಹೊಲದಲ್ಲಿ ಏನಿದೆ ಎಂಬುದು ಕಣ್ಣೆದುರೇ ಇತ್ತು. ಸಹಕಾರದ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ ಮೇಲಿನಿಂದ. ನಡೆಸಿದ್ದು ಊರಿನ ತಿಳಿವಳಿಕೆ.

ಗದಗ ಅಂದಾಗ ಇನ್ನೊಂದು. ಮುದ್ರಣ ಕಾಶಿ ಎಂದು ಹೆಸರಾದ ಊರಿನ ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮದುವೆ ಪತ್ರಿಕೆ, ಪಂಚಾಂಗಗಳ ಫೈಲುಗಳಿವೆ. ಬಹಳಷ್ಟು ಹಳೆಯ ಆಸ್ಕಿ ಫಾಂಟುಗಳಲ್ಲಿವೆ, ಅಂದರೆ ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ರೂಪ. ಅವನ್ನು ಹಾಗೇ ವಾಟ್ಸ್ಆ್ಯಪಿಗೋ ವೆಬ್‌ಸೈಟಿಗೋ ಹಾಕಿದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ‘ನಿಮ್ಮ ಫೈಲು ಕೆಟ್ಟಿವೆ’ ಎಂದು ಹೊರಗಿನವರೊಬ್ಬರು ಹೇಳಿಹೋದ ಮೇಲೆ ಒಂದು ಪ್ರೆಸ್ಸಿನವರು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಸಲು ಹೊರಟಿದ್ದರು. ಫೈಲು ಕೆಟ್ಟಿರಲಿಲ್ಲ. ಅವನ್ನು ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸುಗಳು ಬಂದವು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ಬಂದದ್ದು ಎಲ್ಲ ಪತ್ರಿಕೆಗಳಲ್ಲಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆ ವಾರ ನನಗೆ ಬಂದ ಫೋನುಗಳಲ್ಲಿ ಬೈಗುಳವೇ ಹೆಚ್ಚು: ‘ಕ್ಯೂಆರ್ ಹಚ್ಚಿಸಿ ನಮ್ಮನ್ನ ಸಿಗಿಸಿದ್ರಿ.’ ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಆಮೇಲೆ ಹೇಳಿತು. ನನ್ನ ಉತ್ತರ ಅಂದೂ ಇದೇ, ಇಂದೂ ಇದೇ: ಕ್ಯೂಆರ್ ಕಿತ್ತು ಹಾಕಬೇಡಿ. ತೆರಿಗೆಯ ಲೆಕ್ಕ ವಹಿವಾಟಿನ ಮೇಲೆ, ನಗದಿಗೂ ಅದೇ ಕಾನೂನು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದರೆ ನೋಂದಣಿ. ಬರೀ ತರಕಾರಿ ಮಾರುವವರಿಗೆ ಅದೂ ಬೇಡ. ಆದರೆ ತರಕಾರಿಯ ಜೊತೆ ಬಿಸ್ಕಿಟ್ಟು, ಸೋಪೂ ಇಟ್ಟರೆ ತರಕಾರಿಯ ವಹಿವಾಟೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಕೊಂಡ ಚೀಟಿಗಳನ್ನು ಇಟ್ಟುಕೊಳ್ಳಿ. ಅಂಗಡಿಯ ಕ್ಯೂಆರ್‌ಗೆ ಬೇರೆ ಖಾತೆ ಮಾಡಿಸಿ. ತಮ್ಮ ವಾಪಸು ಕೊಟ್ಟ ಕೈಗಡ, ಮಗಳ ಮದುವೆಯ ಮುಯ್ಯಿ ಎಲ್ಲ ಅದೇ ಖಾತೆಗೆ ಬಿದ್ದರೆ ನೋಡುವವರ ಕಣ್ಣಿಗೆ ಅದೂ ವ್ಯಾಪಾರವೇ. ಇದನ್ನು ಕ್ಯೂಆರ್ ಹಚ್ಚಲು ಬಂದ ಹುಡುಗ ಹೇಳಲಿಲ್ಲ. ಅವನಿಗೆ ಟಾರ್ಗೆಟ್ ಇತ್ತು. ಹೇಳುವವರು ಒಬ್ಬರು ಊರಲ್ಲಿರಬೇಕು ಎಂಬುದಕ್ಕೇ ನಾನು ಇಷ್ಟು ಬಡಕೊಳ್ಳುವುದು.

ಇಷ್ಟಾದ ಮೇಲೂ ಆ್ಯಪೇ ಬೇಕು ಎನ್ನುವವರಿಗೆ ಮಾಡಿಕೊಡುವ ಒಳ್ಳೆಯ ಹುಡುಗ-ಹುಡುಗಿಯರು ಇಲ್ಲೇ ವಿದ್ಯಾನಗರದಲ್ಲಿದ್ದಾರೆ, ನಂಬರು ಕೊಡುತ್ತೇನೆ. ಉಳಿದವರು ಬರುವಾಗ ಉದ್ರಿ ವಹಿ, ಕಳೆದ ಮೂರು ತಿಂಗಳ ಬಿಲ್ಲು-ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ಹರಿದಿದ್ದರೂ ನಡೆಯುತ್ತದೆ. ತಯಾರಕರು ಫೆಬ್ರುವರಿ ಮುಗಿಯುವ ಮೊದಲೇ ಬನ್ನಿ, ಮಾರ್ಚ್ ಕೊನೆಯ ವಾರ ಬಂದರೆ ನಾನು ಏನೂ ಮಾಡಲಾರೆ. ಅಮರಗೋಳ ಎಪಿಎಂಸಿಯ ಅಡತಿ ಅಂಗಡಿಯವರು ಮಾತ್ರ ನೀವು ಬರಬೇಡಿ, ನಾನೇ ಬರುತ್ತೇನೆ, ಹರಾಜು ಮುಗಿದು ತೂಕದ ಗದ್ದಲ ಇಳಿದ ಮೇಲೆ ಫೋನ್ ಮಾಡಿ.