ಸೀರೆ ಅಂಗಡಿಯಲ್ಲಿ ಯಾರು ಕೂರಬೇಕು, ಯಾರು ನಿಲ್ಲಬೇಕು

ಮದುವೆ ಜವಳಿ ತೆಗೆಯೋಕೆ ಒಂದು ಗುಂಪು ಅಂಗಡಿಗೆ ಬಂತು ಅಂದರೆ ಅಲ್ಲಿ ಸೀರೆ ನೋಡುವುದಕ್ಕಿಂತ ಮುಖ ನೋಡುವ ಕೆಲಸವೇ ಜಾಸ್ತಿ ನಡೆಯುತ್ತದೆ. ಮದುವೆ ಹುಡುಗಿಯ ಕೈ ಸೀರೆ ಮೇಲಿರುತ್ತದೆ, ಕಣ್ಣು ಮಾತ್ರ ಅತ್ತೆ ಆಗುವವರ ಕಡೆ. ಹುಡುಗಿಯ ಅಮ್ಮ ಬೆಲೆಚೀಟಿಯನ್ನು ಬೆರಳಲ್ಲೇ ತಿರುಗಿಸಿ ಓದಿ, ಓದದವರ ಹಾಗೆ ಬಿಟ್ಟುಬಿಡುತ್ತಾರೆ. ಹುಡುಗನ ಅಕ್ಕ ತನ್ನ ಮದುವೆಗೆ ತನಗೇನು ತಂದಿದ್ದರು ಅಂತ ಮನಸ್ಸಲ್ಲೇ ಲೆಕ್ಕ ಹಾಕುತ್ತಿರುತ್ತಾಳೆ. ಅಪ್ಪನೋ ಚಿಕ್ಕಪ್ಪನೋ ಒಬ್ಬರು ಮೆಟ್ಟಿಲ ಹತ್ತಿರ ಕುರ್ಚಿ ಹಿಡಿದು ಫೋನ್ ನೋಡುತ್ತಾ ಕೂತಿರುತ್ತಾರೆ. ದುಡ್ಡು ಕೊಡುವವರು ಅವರೇ.

ಡಿಗ್ರಿ ಮುಗಿದ ಮೇಲೆ ನಾನು ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ, ರೇಷ್ಮೆ ಸೀರೆ ಸೆಕ್ಷನ್ನಿನಲ್ಲಿ ಕೆಲಸ ಮಾಡಿದೆ. ಮನುಷ್ಯರು ಒಬ್ಬರ ಎದುರು ಒಬ್ಬರು ಹೇಗೆ ಬದಲಾಗುತ್ತಾರೆ ಅಂತ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕೌಂಟರ್ ಕಲಿಸಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಸೀನಿಯರ್ ಅಕ್ಕ ಒಬ್ಬರು ಹೇಳಿಕೊಟ್ಟರು: ಗುಂಪು ಬಂದ ಕೂಡಲೇ ಸೀರೆ ಬಿಚ್ಚಬೇಡ. ಮೊದಲು ಯಾರು ತೀರ್ಮಾನ ಮಾಡುವವರು, ಯಾರು ದುಡ್ಡು ಕೊಡುವವರು, ಯಾರನ್ನು ಒಂದು ಮಾತು ಕೇಳಲೇಬೇಕು, ಇಷ್ಟು ಕಂಡುಕೋ. ಈ ಮೂವರೂ ಒಬ್ಬರೇ ಆಗಿರುವುದು ಬಹಳ ಕಡಿಮೆ. ಧಾರೆ ಸೀರೆ ಯಾವ ಕಡೆಯವರು ತರಬೇಕು ಅನ್ನುವುದೂ ಮನೆಯಿಂದ ಮನೆಗೆ ಬೇರೆ, ಅದರ ಮೇಲೆ ಯಾರ ದನಿ ಎಷ್ಟು ಏರಬಹುದು ಅನ್ನುವುದೂ ಬೇರೆ. ಕುರ್ಚಿಯಲ್ಲಿ ಕೂತ ಆ ಚಿಕ್ಕಪ್ಪನನ್ನು ಕೊನೆಯಲ್ಲಿ "ನೀವೂ ಒಂದ್ಸಲ ನೋಡಿ ಸಾರ್" ಅಂತ ಕರೆಯಬೇಕು. ಅವರು ಬರುತ್ತಾರೆ, ಬೆರಳಲ್ಲಿ ಜರಿ ಮುಟ್ಟುತ್ತಾರೆ, "ಹೆಣ್ಮಕ್ಕಳಿಗೆ ಇಷ್ಟ ಆದ್ರೆ ಮುಗೀತು" ಅಂತ ಹೇಳಿ ವಾಪಸ್ ಹೋಗುತ್ತಾರೆ. ಆ ಒಂದು ಕರೆ ತಪ್ಪಿದರೆ ಬಿಲ್ ಮಾಡುವ ಹೊತ್ತಿಗೆ ಎಲ್ಲಾ ಸೀರೆಯೂ ದುಬಾರಿ ಆಗಿಬಿಡುತ್ತದೆ.

ಒಬ್ಬ ಹುಡುಗಿ ನೆನಪಾಗುತ್ತಾಳೆ. ಎರಡೂ ಕಡೆಯವರ ಜೊತೆ ಬಂದಿದ್ದಳು. ಏನು ತೋರಿಸಿದರೂ "ನಿಮಗೆ ಯಾವ್ದು ಇಷ್ಟ ಆಗುತ್ತೋ ಅದೇ ಇರ್ಲಿ ಅತ್ತೆ" ಅನ್ನುತ್ತಿದ್ದಳು, ಅದೂ ಕೇಳೀ ಕೇಳಿಸದ ದನಿಯಲ್ಲಿ. ಎಲೆಹಸಿರು ಮೈ, ಕೆಂಪು ಬಾರ್ಡರ್ ಇದ್ದ ಒಂದು ಸೀರೆ ಆಯ್ಕೆ ಆಯಿತು. ಮಾರನೇ ದಿನ ಗೆಳತಿ ಜೊತೆ ಬ್ಲೌಸ್ ಪೀಸ್ ವಿಚಾರಕ್ಕೆ ಅಂತ ಬಂದಳು. ಬಂದವಳೇ ರೇಟು ಕೇಳಿದಳು, ಡಿಸ್ಕೌಂಟ್ ಕೇಳಿದಳು, ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು, ಇನ್ನೊಂದು ಸೀರೆ ತೋರಿಸಿ "ಇದು ನಂಗೆ ಮೊದಲೇ ಇಷ್ಟ ಆಗಿತ್ತು, ರಿಸೆಪ್ಷನ್‌ಗೆ ತಗೋತೀನಿ, ಎತ್ತಿಡಿ" ಅಂತ ಗಟ್ಟಿಯಾಗಿ ನಕ್ಕಳು. ಇಂಥದನ್ನು ಕಂಡರೆ ನಮ್ಮ ಜನ ತಕ್ಷಣ "ನಿನ್ನೆ ಎಲ್ಲಾ ನಾಟಕ" ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಎರಡೂ ದಿನ ಬಂದವಳು ಅವಳೇ. ನಾಳೆಯಿಂದ ಯಾರ ಮನೆಯಲ್ಲಿ ಬದುಕಬೇಕೋ ಅವರ ಮುಂದೆ ಹೇಗಿರಬೇಕು ಅಂತ ಅವಳಿಗೆ ಗೊತ್ತಿತ್ತು, ಗೆಳತಿ ಮುಂದೆ ಅದರ ಅಗತ್ಯ ಇರಲಿಲ್ಲ, ಅಷ್ಟೇ. ನಾವೆಲ್ಲರೂ ದಿನಾ ಹಾಗೇ ಬದುಕುತ್ತೇವೆ ಅಲ್ವಾ? ಅಪ್ಪನ ಫೋನ್ ಬಂದರೆ ದನಿ ಬದಲಾಗುತ್ತದೆ, ಆಫೀಸಿನ ಮೀಟಿಂಗಿನಲ್ಲಿ ಬೆನ್ನು ನೆಟ್ಟಗಾಗುತ್ತದೆ, ಕಾಲೇಜು ಗೆಳೆಯರ ನಡುವೆ ಹಳೇ ಬೈಗುಳ ಎಲ್ಲಾ ವಾಪಸ್ ಬರುತ್ತದೆ.

ಆದರೆ ಆ ಹುಡುಗಿಗೆ ಗೆಳತಿ ಜೊತೆ ಬರುವ ಒಂದು ಮಾರನೇ ದಿನ ಇತ್ತು. ಕೌಂಟರಿನ ಈಚೆ ನಿಂತ ನಮಗೆ ಅದು ಎಲ್ಲಿತ್ತು ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಪಾತ್ರ ಹೀಗಿತ್ತು. ಎಲ್ಲರಿಗೂ ಒಂದೇ ಪ್ರಿಂಟಿನ ಯೂನಿಫಾರ್ಮ್ ಸೀರೆ, ಎದೆಯ ಮೇಲೆ ಹೆಸರಿನ ಬ್ಯಾಡ್ಜ್. ಗಿರಾಕಿ ಕೇಳಿದ ಸೀರೆಯನ್ನು ನಮ್ಮ ಹೆಗಲಿಗೇ ಹಾಕಿಕೊಂಡು, ಸೆರಗು ಇಳಿಬಿಟ್ಟು ತೋರಿಸಬೇಕು, ಅಂದರೆ ಆ ಹೊತ್ತಿಗೆ ಅಂಗಡಿಯ ಬೊಂಬೆ ನಾವೇ. ಕೌಂಟರ್ ಮೇಲೆ ಗುಡ್ಡೆ ಬೀಳುವಷ್ಟು ಬಿಚ್ಚಿ ತೋರಿಸಿದ ಮೇಲೆ ಅವರು "ನೋಡ್ಕೊಂಡು ಬರ್ತೀವಿ" ಅಂತ ಎದ್ದು ಹೋದರೆ ಉಸಿರು ಬಿಡದೆ, ಮುಖ ಸಪ್ಪೆ ಮಾಡದೆ ಮಡಚಿಡಬೇಕು, ಏಕೆಂದರೆ ಪಕ್ಕದ ಕೌಂಟರಿನ ಗಿರಾಕಿ ನೋಡುತ್ತಿರುತ್ತಾರೆ. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ರ‍್ಯಾಕಿಗೆ ಒರಗುವ ಹಾಗಿಲ್ಲ. ಒರಗಿದರೆ ಕ್ಯಾಮೆರಾದಲ್ಲಿ ಕಾಣುತ್ತದೆ, ಕಂಡರೆ ಸೂಪರ್‌ವೈಸರ್ ಬರುತ್ತಾರೆ.

ಇಷ್ಟೆಲ್ಲದರ ನಡುವೆ ನಮ್ಮನ್ನು ಉಳಿಸಿದ್ದು ಮೇಲಿನ ಗೋಡೌನ್. ಸ್ಟಾಕ್ ತರೋಕೆ ಅಂತ ಹೋಗಿ, ಬಟ್ಟೆ ಬಂಡಲ್ ಮೇಲೆ ಕೂತು, ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಾ, ಬೆಳಿಗ್ಗೆಯಿಂದ ಬಂದ ಗಿರಾಕಿಗಳ ದನಿ ತೆಗೆದು ಮಾತಾಡಿ ನಗುವುದು. ಅತ್ತವರೂ ಅಲ್ಲೇ ಅತ್ತಿದ್ದಾರೆ. ಅಲ್ಲಿ ನಮ್ಮ ಎದೆಯ ಬ್ಯಾಡ್ಜ್ ನೋಡಿ ಮಾತಾಡಿಸುವವರು ಯಾರೂ ಇರಲಿಲ್ಲ.

ಎರ್ವಿಂಗ್ ಗಾಫ್‌ಮನ್ ಅನ್ನುವ ಸಮಾಜಶಾಸ್ತ್ರಜ್ಞರನ್ನು ನಾನು ಓದಿದ್ದು ತುಂಬಾ ಆಮೇಲೆ. ಕೆನಡಾದಲ್ಲಿ ಹುಟ್ಟಿದವರು, 1949ರಿಂದ 1951ರ ನಡುವೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಇದ್ದು ಅಲ್ಲಿಯ ಜನ ಒಬ್ಬರೊಂದಿಗೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಗಮನಿಸಿದವರು. ಜನರ ಎದುರು ಎಲ್ಲರೂ ರಂಗದ ಮೇಲಿರುತ್ತಾರೆ, ರಂಗದ ಹಿಂದೆ ಹೋದಾಗ ವೇಷ ಸಡಿಲ ಮಾಡುತ್ತಾರೆ ಅನ್ನುವುದು ಅವರ ಮಾತು. ಅದಕ್ಕಿಂತ ನನ್ನನ್ನು ಹಿಡಿದದ್ದು ಅವರು ಬರೆದ ಒಂದು ಬಾಗಿಲಿನ ವಿಷಯ. ಅಲ್ಲಿಯ ಹೋಟೆಲಿನಲ್ಲಿ ಅಡುಗೆಮನೆ ಬಾಗಿಲಿಗಾಗಿ ದಿನಾ ಗುದ್ದಾಟ. ಬಡಿಸುವ ಹುಡುಗಿಯರಿಗೆ ಬಾಗಿಲು ತೆಗೆದೇ ಇರಬೇಕು, ತಟ್ಟೆ ಹಿಡಿದು ಓಡಾಡೋಕೆ ಸುಲಭ, ಒಳಗಿಂದಲೇ ಅತಿಥಿಗಳು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಹೋಟೆಲ್ ನಡೆಸುವವರಿಗೆ ಅದು ಮುಚ್ಚಿರಬೇಕು. ಅಡುಗೆಮನೆಯೊಳಗೆ ಅವರು ಊರಿನ ಮಾಮೂಲಿ ಜನರ ಹಾಗೇ ಇರುತ್ತಿದ್ದರು, ಅದನ್ನು ಅತಿಥಿಗಳು ನೋಡಿದರೆ ಮಾನ ಹೋಗುತ್ತದೆ ಅಂತ ಭಯ. ಒಬ್ಬರು ಸಿಟ್ಟಿನಿಂದ ಬಡಿದು ಮುಚ್ಚುವುದು, ಇನ್ನೊಬ್ಬರು ಸಿಟ್ಟಿನಿಂದ ತಳ್ಳಿ ತೆಗೆಯುವುದು. ಇದನ್ನು ಓದಿ ನನಗೆ ಅನ್ನಿಸಿದ್ದು: ಬಾಗಿಲು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಯಾರಿಗೆ ಎಷ್ಟು ವಿಶ್ರಾಂತಿ ಅನ್ನುವುದು ನಿಂತಿದೆ. ನಮ್ಮ ಗೋಡೌನಿಗೂ ಆಮೇಲೆ ಕ್ಯಾಮೆರಾ ಬಂತು. ಕಳ್ಳತನ ತಡೆಯೋಕೆ ಅಂದರು. ಅದಾದ ಮೇಲೆ ಬಂಡಲ್ ಮೇಲೆ ಯಾರೂ ಕೂರಲಿಲ್ಲ.

1983ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಅನ್ನುವ ಇನ್ನೊಬ್ಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಗಗನಸಖಿಯರ ಬಗ್ಗೆ ಬರೆದರು. ಅದರಲ್ಲಿ ಬರುವ ಒಂದು ಘಟನೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಯಾಕೆ ನಗುತ್ತಿಲ್ಲ ಅಂತ ಒಬ್ಬ ಪ್ರಯಾಣಿಕ ಒಬ್ಬ ಗಗನಸಖಿಯನ್ನು ಕೇಳಿದನಂತೆ. ಮೊದಲು ನೀವು ನಗಿ ಅಂದಳು ಅವಳು. ಅವನು ನಕ್ಕ. ಸರಿ, ಈಗ ಹಾಗೇ ಹದಿನೈದು ಗಂಟೆ ಇಟ್ಟುಕೊಂಡಿರಿ ಅಂತ ಹೇಳಿ ಅವಳು ಹೊರಟುಹೋದಳು.

ಪಾತ್ರ ಮಾಡುವುದು ನನಗೆ ಯಾವತ್ತೂ ಕಷ್ಟ ಆಗಲಿಲ್ಲ. ಗಿರಾಕಿಯ ಮುಂದೆ ನಗುವುದು ನನಗೆ ಇಷ್ಟವೇ ಇತ್ತು, ಮದುವೆ ಗುಂಪಿನ ಬಿಗಿ ಸಡಿಲಿಸಿ ಎಲ್ಲರಿಗೂ ಒಪ್ಪುವ ಸೀರೆ ಎತ್ತಿಕೊಟ್ಟಾಗ ಆಗುವ ಖುಷಿ ಈಗಲೂ ನೆನಪಿದೆ. ಕಷ್ಟ ಆದದ್ದು ಅದನ್ನು ಇಳಿಸೋಕೆ ಜಾಗ ಇಲ್ಲದ್ದು. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ವರ್ಷಗಟ್ಟಲೆ ನಿಂತ ಸೀನಿಯರ್‌ಗಳ ಮೊಣಕಾಲ ಹಿಂದೆ ನೀಲಿ ನರ ಗಂಟು ಕಟ್ಟಿತ್ತು. ಟಾಯ್ಲೆಟ್ ದೂರ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದವರಿದ್ದರು.

ಹಳೇ ಜವಳಿ ಅಂಗಡಿಗಳಲ್ಲಿ ಹೀಗಿರಲಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಈಗಲೂ ಅಂಥ ಅಂಗಡಿಗಳಿವೆ. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಗಿರಾಕಿಯೂ ಕೂರುತ್ತಾರೆ, ಸೀರೆ ತೋರಿಸುವವರೂ ಕೂರುತ್ತಾರೆ. ಅಲ್ಲೂ ಪಾತ್ರಗಳಿವೆ, ಚೌಕಾಸಿ ಇದೆ, ಹೊಗಳಿಕೆ ಇದೆ. ಆದರೆ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿರುತ್ತದೆ. ಶೋರೂಮಿನ ಗಾಜಿನ ಕೌಂಟರ್ ಬಂದಾಗ ಗಿರಾಕಿಗೆ ಕುರ್ಚಿ ಸಿಕ್ಕಿತು, ತೋರಿಸುವವರಿಗೆ ನೆಲ ಸಿಕ್ಕಿತು. ಗಾದಿ ಮೇಲೆ ಕೂರುತ್ತಿದ್ದವರು ಹೆಚ್ಚಾಗಿ ಗಂಡಸರು, ಕೌಂಟರಿನ ಹಿಂದೆ ನಿಂತವರು ಹೆಚ್ಚಾಗಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರು. ಇದನ್ನು ಬರೀ ಫರ್ನಿಚರ್ ಬದಲಾವಣೆ ಅಂತ ನಾನು ನೋಡಲಾರೆ.

ಕೇರಳದ ಹೆಂಗಸರು ಇದನ್ನು ಸುಮ್ನೆ ಸಹಿಸಲಿಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವು ಅನ್ನುವ ಬೀದಿಯ ಅಂಗಡಿಗಳಲ್ಲಿ ದುಡಿಯುವವರನ್ನು ವಿಜಿ ಅನ್ನುವ ಟೈಲರ್ ಒಟ್ಟು ಸೇರಿಸಿದರು. ಅವರ ಸಂಘಟನೆ ಪೆಣ್‌ಕೂಟ್ಟು ಮೊದಲು ಕೇಳಿದ್ದು ಟಾಯ್ಲೆಟ್, ಆಮೇಲೆ ಕೂರುವ ಹಕ್ಕು. 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾಯ್ದೆ ತಿದ್ದಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಅಂತ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. 1948ರ ಫ್ಯಾಕ್ಟರಿಗಳ ಕಾಯ್ದೆಯಲ್ಲೇ ಇದು ಇತ್ತು ಅನ್ನುವುದು ಗೊತ್ತಾದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅಂತ ಅದರ 44ನೇ ಸೆಕ್ಷನ್ ಹೇಳುತ್ತಿತ್ತು. ಹಾಗಾದರೆ ಅಂಗಡಿಯ ಹುಡುಗಿಯರು ಕೂತಾಗ ಅಷ್ಟು ತಕರಾರು ಯಾಕೆ? ಮೆಷಿನ್ನಿಗೆ ಎದುರಿರುವವರು ಕೂತರೂ ಒಂದೇ, ನಿಂತರೂ ಒಂದೇ. ಅಂಗಡಿಯಲ್ಲಿ ಮಾತ್ರ ನಿಲ್ಲುವುದೂ ಮಾಲಿನ ಜೊತೆ ಮಾರಾಟ ಆಗುತ್ತದೆ. ನಮಗಾಗಿ ಒಬ್ಬರು ನಿಂತಿದ್ದಾರೆ ಅನ್ನುವುದು ಗಿರಾಕಿಗೆ ಸಿಗುವ ಮರ್ಯಾದೆ, ಅದಕ್ಕೇ ಮಾಲೀಕರು ಅದನ್ನು ಬಿಡೋಕೆ ತಯಾರಿಲ್ಲ.

ಹಾಗಾಗಿ ಸ್ಟೂಲ್ ಇಟ್ಟ ಕೂಡಲೇ ಎಲ್ಲಾ ಸರಿಹೋಗುವುದಿಲ್ಲ. ಸ್ಟೂಲ್ ಇರುವ ಅಂಗಡಿಗಳನ್ನೂ ನೋಡಿದ್ದೇನೆ, ಗಿರಾಕಿ ಮೆಟ್ಟಿಲು ಹತ್ತುವ ಸದ್ದಾದರೆ ಹುಡುಗಿಯರು ಧಡಕ್ಕನೆ ಏಳುತ್ತಾರೆ, ಕೂತಿದ್ದೇ ತಪ್ಪು ಅನ್ನುವ ಹಾಗೆ. ಕಾನೂನು ಬೇಕು, ನಮ್ಮ ರಾಜ್ಯದಲ್ಲೂ ಅದನ್ನು ಗಟ್ಟಿಯಾಗಿ ಕೇಳಬೇಕು. ಅದರ ಜೊತೆಗೆ ಗಿರಾಕಿಗಳಾದ ನಾವು ಮಾಡಬಹುದಾದ ಒಂದು ಕೆಲಸ ಇದೆ. ಮದುವೆ ಜವಳಿಗೆ ಹೋದಾಗ ಗುಂಪಿನ ಹಿರಿಯ ಹೆಂಗಸಿನಿಂದಲೇ "ಕೂತ್ಕೊಂಡು ತೋರ್ಸಮ್ಮ" ಅನ್ನಿಸಿ. ಚಿಕ್ಕವರು ಹೇಳಿದರೆ ಹುಡುಗಿ ಸೂಪರ್‌ವೈಸರ್ ಮುಖ ನೋಡಿ ನಿಂತೇ ಇರುತ್ತಾಳೆ. ಅಜ್ಜಿಯೋ ಬೀಗಿತ್ತಿಯೋ ಹೇಳಿದರೆ ಸೂಪರ್‌ವೈಸರ್ ಎದುರಾಡಲ್ಲ, ಏಕೆಂದರೆ ಆ ಗುಂಪಿನಲ್ಲಿ ತೀರ್ಮಾನ ಮಾಡುವವರು ಯಾರು ಅಂತ ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿರುತ್ತದೆ. ಬಿಲ್ಲಿಂಗ್ ಹತ್ತಿರ ಹೋದಾಗ ಮ್ಯಾನೇಜರಿಗೂ ಒಂದು ಮಾತು ಹೇಳಿ, ನಿಮ್ಮ ಹುಡುಗಿ ಕೂತು ನಿಧಾನಕ್ಕೆ ತೋರಿಸಿದ್ದಕ್ಕೇ ನಾವು ಇಷ್ಟು ತಗೊಂಡ್ವಿ ಅಂತ.