ಗ್ರೂಪಿನಲ್ಲಿ ಯಾರೋ ಚುಚ್ಚಿ ಬರೆದಾಗ ಏನು ಮಾಡಬೇಕು?

ಮನೆಯವರ ವಾಟ್ಸಾಪ್ ಗ್ರೂಪೋ, ಅಪಾರ್ಟ್‌ಮೆಂಟಿನದ್ದೋ, ಹಳೆಯ ಸಹಪಾಠಿಗಳದ್ದೋ, ಒಂದಲ್ಲ ಒಂದು ದಿನ ಯಾರಾದರೂ ಚುಚ್ಚಿ ಬರೆಯುತ್ತಾರೆ. ಆಗ ಸುಮ್ಮನಿರಬೇಕಾ, ತಿರುಗಿ ಹೇಳಬೇಕಾ ಎಂದು ಬಹಳ ಜನ ನನ್ನನ್ನು ಕೇಳುತ್ತಾರೆ. ಮೊದಲು ಬೈಸಿಕೊಂಡವರಿಗೆ ಫೋನ್ ಮಾಡಿ, ಉಳಿದದ್ದು ಆಮೇಲೆ ಎನ್ನುತ್ತೇನೆ.

ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲರ ಗಮನ ಬೈದವರ ಮೇಲೆ ಇರುತ್ತದೆ. ಬೈಸಿಕೊಂಡವರು ಮಾತ್ರ ‘ಇಷ್ಟು ಜನ ಓದಿದರು, ಒಬ್ಬರೂ ಏನೂ ಅನ್ನಲಿಲ್ಲವಲ್ಲ’ ಎಂದು ಕೊರಗುತ್ತಾ ಕೂತಿರುತ್ತಾರೆ. ಫೋನಿನಲ್ಲಿ ಸಮಾಧಾನದ ಉಪದೇಶ ಬೇಡ. ‘ಓದಿದೆ ಅಕ್ಕ, ನನಗೂ ಬೇಜಾರಾಯಿತು’ ಅಂದರೆ ಸಾಕು. ಆಮೇಲೆ ಗ್ರೂಪಿನಲ್ಲಿ ಒಂದೇ ಸಾಲು ಬರೆಯಿರಿ. ನೀರಿನ ಬಿಲ್ಲಿನ ಲೆಕ್ಕ ಕೇಳಿದ್ದಕ್ಕೆ ಅವರು ಬೈಸಿಕೊಂಡಿದ್ದರೆ, ಹೀಗೆ: ‘ಅಕ್ಕ ಕೇಳಿದ್ದು ಸರಿಯಾಗಿದೆ, ನೀರಿನ ಬಿಲ್ಲಿನ ಲೆಕ್ಕ ನನಗೂ ಬೇಕು.’ ಬೈದವರ ಹೆಸರು ಎತ್ತಬೇಡಿ. ಮಾತು ತಾನಾಗಿ ಬಿಲ್ಲಿನ ಕಡೆ ಹೊರಳುತ್ತದೆ, ಬೈಸಿಕೊಂಡವರ ಪರ ಒಬ್ಬರಿದ್ದಾರೆ ಎಂಬುದೂ ಎಲ್ಲರಿಗೆ ತಿಳಿಯುತ್ತದೆ.

ಬೈದವರ ಜೊತೆ ಮಾತಾಡಲೇಬೇಕು, ಆದರೆ ಗ್ರೂಪಿನ ಹೊರಗೆ. ನಾಲ್ಕು ಜನರ ಮುಂದೆ ತಪ್ಪು ಎತ್ತಿ ತೋರಿಸಿದರೆ ಮರ್ಯಾದೆಯ ಪ್ರಶ್ನೆಯಾಗಿ, ಒಳಗೊಳಗೇ ತಪ್ಪು ಅನ್ನಿಸಿದ್ದರೂ ಹಿಂದೆ ಸರಿಯುವುದಿಲ್ಲ. ಖಾಸಗಿಯಾಗಿ ಮೆಸೇಜು ಹಾಕಿದರೂ ದೂರಿನಂತೆ ಕಾಣುತ್ತದೆ, ಅದು ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಗ್ರೂಪಿಗೆ ಹೋಗುವ ಭಯವೂ ಇದೆ. ಆದ್ದರಿಂದ ಕರೆ ಮಾಡಿ. ‘ಚಿಕ್ಕಪ್ಪ, ನೀವು ಬರೆದದ್ದು ಅವಳಿಗೆ ಬಹಳ ನಾಟಿದೆ. ನೀವೇ ಒಂದು ಮಾತು ಆಡಿದರೆ ಸರಿಹೋಗುತ್ತೆ’ ಎನ್ನಿ. ಅವರಿಗೆ ಹಿಂದೆ ಬರಲು ದಾರಿ ಬಿಟ್ಟುಕೊಡುವುದು ಮುಖ್ಯ. ಬರೆದದ್ದನ್ನು ತಿದ್ದಲು ವಾಟ್ಸಾಪ್ 15 ನಿಮಿಷ ಕೊಡುತ್ತದೆ, ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು 2 ದಿನ. ಅಡ್ಮಿನ್‌ಗಳೂ ಅಳಿಸಬಹುದು, ಆದರೆ ಅಡ್ಮಿನ್ ಅಳಿಸಿದ್ದಾರೆ ಎಂಬ ಗುರುತು ಅಲ್ಲೇ ಉಳಿದು ಹೊಸ ಜಗಳಕ್ಕೆ ಕಾರಣವಾಗುತ್ತದೆ. ಕೇಳಿ, ಅವರಿಂದಲೇ ಅಳಿಸಿಸುವುದು ಒಳ್ಳೆಯದು.

ನಿಮಗೇ ಸಿಟ್ಟು ಬಂದಿದ್ದರೆ ಗ್ರೂಪಿನ ಪೆಟ್ಟಿಗೆಯಲ್ಲಿ ಟೈಪ್ ಮಾಡಲೇಬೇಡಿ, ಕೈತಪ್ಪಿ ಹೋಗುತ್ತದೆ. ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳುವ ಚಾಟಿನಲ್ಲಿ ಬರೆದಿಡಿ. ಬೆಳಿಗ್ಗೆ ತೆಗೆದು ‘ನಿಮ್ಮಂಥವರು’, ‘ಯಾವಾಗಲೂ’ ಎಂಬ ಪದಗಳಿರುವ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದರಲ್ಲಿ ಕಳಿಸುವಂಥದ್ದು ಏನಾದರೂ ಇದ್ದರೆ ಕಳಿಸಿ.

ಸುಳ್ಳು ಸುದ್ದಿ ಬಂದಾಗ ಮಾತ್ರ ಬೆಳಿಗ್ಗೆಯವರೆಗೆ ಕಾಯಬಾರದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಜನ ಹೊಡೆದರು. ವಾಟ್ಸಾಪಿನಲ್ಲಿ ಹರಡಿದ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಅದೇ ತಿಂಗಳು, ಇಂಥ ಸಾಲು ಸಾಲು ಘಟನೆಗಳ ನಂತರ, ಭಾರತದಲ್ಲಿ ಫಾರ್ವರ್ಡ್ ಮಾಡುವುದಕ್ಕೆ 5 ಚಾಟ್‌ಗಳ ಮಿತಿ ಬಂತು. ಜೋಡಿ ಬಾಣದ ಗುರುತಿದ್ದರೆ ಆ ಸಂದೇಶ ಬಹಳ ಕೈ ದಾಟಿ ಬಂದಿದೆ ಎಂದರ್ಥ. ಅದಕ್ಕೆ ಉತ್ತರ ಗ್ರೂಪಿನಲ್ಲೇ, ಕೂಡಲೇ, ಆದರೆ ಸುದ್ದಿಯ ಬಗ್ಗೆ ಮಾತ್ರ ಇರಲಿ: ‘ಈ ವಿಡಿಯೊ ಹಳೆಯದು, ಬೇರೆ ಊರಿನದು. ದಯವಿಟ್ಟು ಮುಂದೆ ಕಳಿಸಬೇಡಿ.’ ಕಳಿಸಿದವರು ಬಹುತೇಕ ಕಾಳಜಿಯಿಂದಲೇ ಕಳಿಸಿರುತ್ತಾರೆ. ‘ಎಚ್ಚರಿಸಿದ್ದಕ್ಕೆ ಥ್ಯಾಂಕ್ಸ್’ ಎಂದು ಸೇರಿಸಿದರೆ ನಿಮ್ಮದೇನೂ ಹೋಗುವುದಿಲ್ಲ.

ಇನ್ನೊಂದು ಮಾತು. ದಿನಾ ಹೂವಿನ ಚಿತ್ರ, ಶುಭೋದಯ ಕಳಿಸುವುದು ತಪ್ಪಲ್ಲ. ಆದರೆ ಕೆಲಸ ಹೋಗಿದೆ ಎಂದು ಒಬ್ಬರು ಬರೆದುಕೊಂಡಾಗ ಕೈಮುಗಿದ ಇಮೋಜಿ, ‘ಪಾಸಿಟಿವ್ ಆಗಿರಿ’ ಎಂಬ ಸಲಹೆ ಅವರನ್ನು ಇನ್ನಷ್ಟು ಒಂಟಿಯಾಗಿಸುತ್ತವೆ. ‘ನಿನ್ನ ರೆಸ್ಯೂಮೆ ಕಳಿಸು, ಶನಿವಾರ ಕೂತು ನೋಡೋಣ’ ಎಂದು ಬರೆದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಬದುಕೇ ಬೇಡ ಎಂಬ ಧಾಟಿ ಕಂಡರೆ ತಕ್ಷಣ ಕರೆ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನೂ ಕೊಡಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಬೆದರಿಕೆ, ತಿರುಚಿದ ಫೋಟೊ, ಹೆಣ್ಣುಮಕ್ಕಳ ಬಗ್ಗೆ ಹೊಲಸು ಮಾತು ಬಂದರೆ ಈ ನಯವಾದ ದಾರಿ ಯಾವುದೂ ಬೇಡ. ಬ್ಲಾಕ್ ಮಾಡುವ ಮೊದಲು ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಬರಿಯಲ್ಲಿ ಚಾಟ್ ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಅಲ್ಲಿ ಬೇರೆಯೇ ವಿಭಾಗವಿದೆ. ಕೂಡಲೇ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ದೂರಿಗಾಗಿ ಠಾಣೆಗೆ ಹೋಗಬೇಕಾಗಿ ಬಂದರೆ ನೊಂದವರ ಜೊತೆ ನೀವೂ ಹೋಗಿ.